ಅತ್ತಿಗೆಯ ಹಿಂದಿ

ನಮ್ಮ ಅತ್ತಿಗೆಯ ತುಟಿ ಯಾವಾಗಲೂ ಅಲುಗುತ್ತಿತ್ತು. ಒಲೆಯ ಮುಂದೆ ಕೂತಾಗ, ಕೊಟ್ಟಿಗೆಯಲ್ಲಿ ಸಗಣಿ ಬಾಚುವಾಗ, ಬಾವಿಯಿಂದ ನೀರು ಸೇದುವಾಗ, ಸದ್ದಿಲ್ಲದೆ ಎರಡು ತುಟಿಯೂ ಏನನ್ನೋ ಮೆಲ್ಲುತ್ತಿದ್ದವು. ಕೆಳತುಟಿ ಸ್ವಲ್ಪ ದಪ್ಪ, ಅದರ ಎಡಮೂಲೆಯಲ್ಲಿ ಒಂದು ಕಪ್ಪು ಮಚ್ಚೆ. ತುಟಿ ಆಡಿದ ಹಾಗೆ ಆ ಮಚ್ಚೆಯೂ ಮೇಲೆ ಕೆಳಗೆ ಆಡುತ್ತಿತ್ತು. ನನಗಾಗ ಹದಿನೇಳು ವರ್ಷ. ಆ ಮಚ್ಚೆ ಕಂಡರೆ ನನಗೆ ಮೈ ಉರಿಯುತ್ತಿತ್ತು.

ಮೊದಮೊದಲು ಅವ್ವನಿಗೆ ಅನುಮಾನ ಬಂತು. ಸೊಸೆ ಒಳಗೊಳಗೇ ತನಗೆ ಶಾಪ ಹಾಕುತ್ತಿದ್ದಾಳೆ ಅಂತ. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟಳು.

"ಏನೇ ಅದು ಮಣಮಣ? ನನ್ನ ಬೈತಾ ಇದೀಯಾ?"

"ಅಯ್ಯೋ ಇಲ್ಲ ಅತ್ತೆ. ಎಣಿಸ್ತಾ ಇದೀನಿ."

"ಏನ ಎಣಿಸ್ತೀಯೆ?"

"ಸುಮ್ನೆ, ಹಿಂದೀಲಿ. ಒಂದರಿಂದ ನಲವತ್ತರಗಂಟ ಬಂದೆ. ಅಲ್ಲಿಂದ ಆಚೆಗೆ ಜಾರ್ತದೆ."

"ನಲವತ್ತರಿಂದ ಆಚೆಗೆ ನಮ್ಮನೇಲಿ ಎಣಿಸಕ್ಕೆ ಏನಿದೆ?" ಅಂದಳು ಅವ್ವ. ಅತ್ತಿಗೆ ನಗಲಿಲ್ಲ. ಮತ್ತೆ ತುಟಿ ಆಡತೊಡಗಿತು.

ನಮ್ಮೂರು ಮಾಗಡಿ ರಸ್ತೆಯ ಪಕ್ಕ, ಕಾಮಾಕ್ಷಿಪಾಳ್ಯಕ್ಕೆ ಕೂಗಳತೆಯ ದೂರ. ರಾಜಾಜಿನಗರದ ಸೈಟುಗಳ ಕಲ್ಲು ನಮ್ಮ ಹೊಲದ ಅಂಚಿನವರೆಗೂ ಬಂದು ನಿಂತಿದ್ದ ಕಾಲ ಅದು. ಅತ್ತ ಕಡೆ ಹೊಸ ಮನೆಗಳು, ಕಿಟಕಿಗೆ ಗಾಜು, ಮುಂದೆ ಗೇಟು. ಇತ್ತ ಕಡೆ ನಾವು, ನಮ್ಮ ರಾಗಿ, ಅವರೆ, ನಾಲ್ಕು ಹಸು. ಅಣ್ಣ ಕಾರ್ಖಾನೆಯೊಂದರಲ್ಲಿ ಟರ್ನರ್ ಕೆಲಸ ಕಲಿತಿದ್ದ. ಅವರೇ ಅವನನ್ನು ಮೂರು ವರ್ಷಕ್ಕೆಂದು ಕಾನ್ಪುರಕ್ಕೆ ಕಳಿಸಿದರು. ಆಗ ಅವನ ಮದುವೆಯಾಗಿ ಐದು ತಿಂಗಳು. ಅತ್ತಿಗೆ ಕೆಂಗೇರಿ ಕಡೆಯವಳು. ನಾಲ್ಕನೇ ಕ್ಲಾಸಿನವರೆಗೆ ಓದಿದ್ದಳು. ನನಗಿಂತ ಎರಡೇ ವರ್ಷ ದೊಡ್ಡವಳು.

ನಾನೋ, ನಮ್ಮೂರಿನಿಂದ ಹೈಸ್ಕೂಲು ಮೆಟ್ಟಿಲು ಹತ್ತಿದ ಮೊದಲ ಹುಡುಗಿ. ಊರೆಲ್ಲ ನನ್ನ ಬಾಯಿ ನೋಡುತ್ತಿತ್ತು. ಆ ವರ್ಷ ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೆ ಡುಮ್ಕಿ ಹೊಡೆದು ಮನೆಯಲ್ಲಿ ಕೂತಿದ್ದೆ, ಆ ಮಾತು ಬೇರೆ. ಹಿಂದಿಯಲ್ಲಿ ಮಾತ್ರ ಕ್ಲಾಸಿಗೇ ಮೊದಲು ಬಂದಿದ್ದೆ. ಅಣ್ಣ ಅಪ್ಪನಿಗೆ ಬರೆಯುವ ಕಾಗದದೊಳಗೆ ನನಗೊಂದು ಚೀಟಿ ಇಡುತ್ತಿದ್ದ, ಹಿಂದಿಯಲ್ಲಿ ಬರೆದು. ನಮ್ಮ ಮನೆಯಲ್ಲಿ ಅದನ್ನು ಓದಬಲ್ಲವಳು ನಾನೊಬ್ಬಳೇ. ಎಲ್ಲರ ಮುಂದೆ ಅದನ್ನು ಬಿಡಿಸಿ, ಓದಿ, ಒಬ್ಬಳೇ ನಕ್ಕು, ಮಡಿಸಿ ಇಟ್ಟುಕೊಳ್ಳುತ್ತಿದ್ದೆ. "ಏನಂತೆ?" ಅಂತ ಅವ್ವ ಕೇಳಿದರೆ, "ನಿನಗೆ ಅರ್ಥ ಆಗಲ್ಲ ಬಿಡು" ಅನ್ನುತ್ತಿದ್ದೆ. ಫೇಲಾದವಳಿಗೆ ಉಳಿದಿದ್ದ ಗತ್ತು ಅದೊಂದೇ.

ಯುಗಾದಿಗೆ ಮುಂಚೆ ಒಂದು ಕಾಗದ ಅತ್ತಿಗೆಯ ಹೆಸರಿಗೇ ಬಂತು. ಅವಳು ಓದಿ, ನನ್ನ ಕೈಗೆ ಕೊಟ್ಟಳು. ಅಣ್ಣ ಬರೆದಿದ್ದ: ಇಲ್ಲಿಗೆ ಬರುತ್ತೇನೆ ಅಂತ ಹಠ ಹಿಡಿದಿದ್ದೀಯೆ. ನಾನು ಶಿಫ್ಟಿಗೆ ಹೋದರೆ ಹತ್ತು ಗಂಟೆ ಮನೆಯಲ್ಲಿ ನೀನೊಬ್ಬಳೇ. ಈ ಬೀದಿಯಲ್ಲಿ ಕನ್ನಡದ ಒಂದು ಮಾತೂ ಕಿವಿಗೆ ಬೀಳುವುದಿಲ್ಲ. ನನ್ನ ಜೊತೆಯವನ ಹೆಂಡತಿ ಆರು ತಿಂಗಳು ಬಾಗಿಲು ಹಾಕಿಕೊಂಡು ಅತ್ತು ಊರಿಗೆ ಓಡಿಹೋದಳು. ನಿನಗೆ ಹಾಗಾಗಬಾರದು. ಹಿಂದಿ ಕಲಿ. ಯಾರ ಸಹಾಯವೂ ಇಲ್ಲದೆ ನೀನೇ ಹಿಂದಿಯಲ್ಲಿ ಎರಡು ಪುಟ ಕಾಗದ ಬರೆ. ಅದು ನನ್ನ ಕೈಗೆ ಬಂದ ತಿಂಗಳಲ್ಲೇ ಬಂದು ಕರೆದುಕೊಂಡು ಹೋಗುತ್ತೇನೆ.

ಕೊನೆಗೆ ನನಗೆ ಒಂದು ಸಾಲು: ಅಕ್ಷರ ನೀನು ಕಲಿಸು.

ನಾನು ದೊಡ್ಡ ಮನಸ್ಸು ಮಾಡಿದವಳ ಹಾಗೆ ಒಪ್ಪಿಕೊಂಡೆ. ನಾಲ್ಕನೇ ಕ್ಲಾಸಿನವಳು, ಎಷ್ಟು ಕಲಿತಾಳು? ಹದಿನೈದು ದಿನಕ್ಕೆ ಸುಸ್ತಾಗಿ ಬಿಡುತ್ತಾಳೆ ಅಂದುಕೊಂಡೆ. ಸುಸ್ತಾಗಲಿ ಅಂತಲೂ ಅಂದುಕೊಂಡೆ.

ಅತ್ತಿಗೆ ಮೊದಲು ಮಾಡಿದ ಕೆಲಸ, ಅಡುಗೆಮನೆಯ ಬಾಗಿಲ ಹಿಂದೆ ಇದ್ದಿಲಿನಲ್ಲಿ ಮೂರು ಗೆರೆ ಎಳೆದದ್ದು. ಏನದು ಅಂತ ಕೇಳಿದೆ.

"ಯುಗಾದಿ ಕಳೆದು ಒಂದು ತಿಂಗಳಿಗೆ ಅಕ್ಷರ ಮುಗೀಬೇಕು. ಭೀಮನ ಅಮಾವಾಸ್ಯೆ ಹೊತ್ಗೆ ಮಾತು ಬರ್ಬೇಕು. ದೀಪಾವಳಿಗೆ ಕಾಗದ."

"ಹಬ್ಬಕ್ಕೂ ಹಿಂದಿಗೂ ಏನತ್ತಿಗೆ ಸಂಬಂಧ?"

"ತಾರೀಕು ನಂಗೆ ನೆನಪಿರಲ್ಲ ಅಮ್ಮಣ್ಣಿ. ಹಬ್ಬ ಆದ್ರೆ ಮರೆಯಕ್ಕಾಗಲ್ಲ, ಮನೆ ತೊಳೀಬೇಕಲ್ಲ."

ನನ್ನ ಗೋಡೆಯ ಮೇಲೂ ಒಂದು ಟೈಮ್ ಟೇಬಲ್ ಇತ್ತು. ಇಂಗ್ಲಿಷ್ ಪರೀಕ್ಷೆಗೆ ಮತ್ತೆ ಕೂರಬೇಕಿತ್ತಲ್ಲ, ಅದಕ್ಕೆ. ಕೆಂಪು ಶಾಯಿ, ನೀಲಿ ಶಾಯಿ, ಸ್ಕೇಲು ಹಿಡಿದು ಎಳೆದ ಗೆರೆ, ಬೆಳಗ್ಗೆ ನಾಲ್ಕರಿಂದ ಆರು ಗ್ರಾಮರ್, ಆರರಿಂದ ಏಳು ಪದ್ಯ. ನೋಡಿದವರು ಭೇಷ್ ಅನ್ನಬೇಕು, ಹಾಗಿತ್ತು. ಎರಡು ದಿನ ನಾಲ್ಕಕ್ಕೆ ಎದ್ದೆ. ಮೂರನೆಯ ದಿನ ದೀಪದ ಹೊಗೆ ಕಣ್ಣಿಗೆ ಆಗುವುದಿಲ್ಲ ಅಂದೆ. ಆಮೇಲೆ ಹಸುಗಳ ಗಲಾಟೆಗೆ ಓದು ತಲೆಗೆ ಹತ್ತುವುದಿಲ್ಲ ಅಂದೆ. "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಅಂದಳು ಅವ್ವ. ಅದನ್ನು ಅತ್ತಿಗೆಯ ಮುಂದೆ ಅಂದಳಲ್ಲ, ಅದು ನನಗೆ ಚುಚ್ಚಿತು.

ಅಕ್ಷರ ಅವಳಿಗೆ ಬೇಗ ಬಂತು. ಪದಗಳಿಗೆ ಬಂದಾಗ ನಮ್ಮಿಬ್ಬರಿಗೆ ಹತ್ತಿಕೊಂಡಿತು. ನನ್ನ ಪಠ್ಯಪುಸ್ತಕದಲ್ಲಿದ್ದದ್ದು ರಾಜ, ಆನೆ, ಕಮಲ, ಹಿಮಾಲಯ. ನಾನು ಅವನ್ನು ಹೇಳಿಕೊಟ್ಟೆ. ಅವಳು ಬರೆದುಕೊಂಡಳು, ಆಮೇಲೆ ಸಂಕೋಚದಿಂದ ಕೇಳಿದಳು.

"ಹಾಲು ಒಡೆದೋಗಿದೆ ಅನ್ನಕ್ಕೆ ಏನಂತಾರೆ?"

"ಅದು ಪುಸ್ತಕದಲ್ಲಿಲ್ಲ."

"ಹುಣಸೆಹಣ್ಣಿಗೆ?"

ನನಗೆ ಗೊತ್ತಿರಲಿಲ್ಲ.

"ಅವರು ಮನೇಲಿಲ್ಲ, ನಾಳೆ ಬನ್ನಿ, ಅನ್ನಕ್ಕೆ?"

ಅದು ಗೊತ್ತಿತ್ತು. ಹೇಳಿದೆ. ಆದರೆ ಹುಣಸೆಹಣ್ಣು ಗಂಟಲಲ್ಲೇ ನಿಂತಿತ್ತು. ಕ್ಲಾಸಿಗೇ ಮೊದಲು ಬಂದವಳಿಗೆ ಹುಣಸೆಹಣ್ಣು ಅನ್ನಲು ಬರುವುದಿಲ್ಲವೆ? ಮಾರನೆಯ ದಿನದಿಂದ ನನಗೆ ಪುರುಸೊತ್ತಿಲ್ಲ, ನನ್ನ ಓದು ಹಾಳಾಗುತ್ತದೆ ಅಂದುಬಿಟ್ಟೆ. ಅತ್ತಿಗೆ "ಆಯ್ತು ಅಮ್ಮಣ್ಣಿ, ನಿನ್ನ ಓದು ಮುಖ್ಯ" ಅಂದಳು. ಇನ್ನೆರಡು ಸಲ ಅಂಗಲಾಚುತ್ತಾಳೆ ಅಂತ ಕಾದಿದ್ದೆ. ಅಂಗಲಾಚಲಿಲ್ಲ.

ಮೂರು ದಿನ ಕಳೆದು ಅವ್ವನಿಗೆ ಹೇಳಿದಳು: "ಅತ್ತೆ, ನಿಮ್ಗೆ ಮಂಡಿ ನೋಯ್ತದೆ ಅಂತೀರಲ್ಲ. ಲೇಔಟಿನ ಮನೆಗಳಿಗೆ ಹಾಲು ನಾನು ಕೊಟ್ಟು ಬರ್ತೀನಿ." ಅವ್ವನಿಗೆ ಕಣ್ಣಲ್ಲಿ ನೀರು ಬಂತು. ಇಂಥ ಸೊಸೆ ಯಾರಿಗುಂಟು ಅಂತ ಬೀದಿಗೆಲ್ಲ ಹೇಳಿಕೊಂಡು ಬಂದಳು. ಆದರೆ ಒಂದು ತಂಬಿಗೆ ಹಾಲು ಮುಗಿಸಿ ಬರಲು ಅತ್ತಿಗೆಗೆ ಒಂದೂವರೆ ಗಂಟೆ ಹಿಡಿಯುತ್ತಿತ್ತು. ಒಂದು ದಿನ ನಾನು ಹಿಂದೆಯೇ ಹೋದೆ.

ಹಾಲಿನ ಮನೆಗಳಲ್ಲಿ ಒಂದು ಮಾತ್ರ ಉತ್ತರದವರದು. ದೇಶ ಒಡೆದಾಗ ಸಿಂಧಿನಿಂದ ಎಲ್ಲ ಬಿಟ್ಟು ಬಂದ ಸಂಸಾರ. ಮಗ ಸೊಸೆ ಇಬ್ಬರೂ ಬೆಳಗ್ಗೆಯೇ ಕೆಲಸಕ್ಕೆ ಹೋಗುವವರು, ಮನೆಯಲ್ಲಿ ಒಬ್ಬಳೇ ಮುದುಕಿ. ದಾರಿಯಲ್ಲಿ ಮೊದಲು ಸಿಗುವ ಆ ಮನೆಯನ್ನು ಅತ್ತಿಗೆ ಕೊನೆಗೆ ಇಟ್ಟುಕೊಂಡಿದ್ದಳು. ನಾನು ಬೇಲಿ ಮರೆಯಿಂದ ನೋಡಿದೆ. ಇಬ್ಬರೂ ಮೆಟ್ಟಿಲ ಮೇಲೆ ಕೂತಿದ್ದರು. ಮುದುಕಿ ಮೊರದಲ್ಲಿದ್ದ ಒಂದೊಂದೇ ಸಾಮಾನು ಎತ್ತಿ ಹಿಂದಿಯಲ್ಲಿ ಹೆಸರು ಹೇಳುವಳು. ಅತ್ತಿಗೆ ಅದನ್ನೇ ಕನ್ನಡದಲ್ಲಿ ಹೇಳುವಳು, ಮುದುಕಿಗೂ ಸಂತೆಯಲ್ಲಿ ಚೌಕಾಸಿ ಮಾಡಲು ಕನ್ನಡ ಬೇಕಿತ್ತು. ಒಂದು ಇವಳಿಗೆ, ಒಂದು ಅವಳಿಗೆ. ಮುದುಕಿ ಏನೋ ಅಂದಳು, ಅತ್ತಿಗೆ ತಲೆ ಹಿಂದಕ್ಕೆ ಎಸೆದು ನಕ್ಕಳು. ನಮ್ಮ ಮನೆಗೆ ಬಂದು ವರ್ಷವಾಗುತ್ತ ಬಂದರೂ ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಅವಳು ಏನಕ್ಕೆ ನಕ್ಕಳು ಅಂತ ನನಗೆ ಅರ್ಥವಾಗಲಿಲ್ಲ. ಹಿಂದಿ ಬರುವ ನಾನು ಬೇಲಿಯಾಚೆ, ಬಾರದ ಅವಳು ಒಳಗೆ. ಮನೆಗೆ ಬಂದು ಊಟ ಬೇಡ ಅಂತ ಮಲಗಿಬಿಟ್ಟೆ.

ಅವಳು ಕಲಿಯುತ್ತಿದ್ದ ರೀತಿಯನ್ನು ಹೇಳಲೇಬೇಕು. ಹೊಟ್ಟೆಕಿಚ್ಚಿನವರಷ್ಟು ಗಮನವಿಟ್ಟು ನೋಡುವವರು ಬೇರೆ ಯಾರೂ ಇರುವುದಿಲ್ಲ. ಹೊಲಕ್ಕೆ ಬರುವ ಆಳುಗಳೂ ಸೇರಿ ನಮ್ಮ ಮನೆಗೆ ಮಧ್ಯಾಹ್ನಕ್ಕೆ ಒಂಬತ್ತು ಮುದ್ದೆ ಬೇಕಿತ್ತು. ಅತ್ತಿಗೆ ಕೈ ಒದ್ದೆ ಮಾಡಿಕೊಂಡು ಮುದ್ದೆ ಕಟ್ಟುವಾಗ ಒಂದು ಮುದ್ದೆಗೆ ಒಂದು ಪದ. ಕಟ್ಟಿ ಇಡುವಷ್ಟು ಹೊತ್ತೂ ಆ ಪದವನ್ನೇ ಅನ್ನುತ್ತಿದ್ದಳು. ಬಡಿಸುವಾಗ, ಯಾವ ಮುದ್ದೆ ಯಾರ ತಟ್ಟೆಗೆ ಹೋಯಿತೋ ಅದರ ಪದ ನೆನಪಿಗೆ ಬರಬೇಕು. ಅಪ್ಪನ ತಟ್ಟೆಗೆ ಬಾಡಿಗೆ ಅನ್ನುವ ಪದ ಬೀಳುತ್ತಿತ್ತು, ಅವ್ವನ ತಟ್ಟೆಗೆ ಬೆಲ್ಲ, ನನ್ನ ತಟ್ಟೆಗೆ ಒಮ್ಮೊಮ್ಮೆ ಪೊರಕೆ. ತಿನ್ನುವ ಉಳಿದವರಿಗೆ ಇದೊಂದೂ ಗೊತ್ತಿರಲಿಲ್ಲ. ಒಂದು ಪದ ಮರೆತರೂ ಅವತ್ತು ಅವಳಿಗೆ ಮಜ್ಜಿಗೆ ಇಲ್ಲ. ನಾಲ್ಕು ಹಸುವಿನ ಮನೆಯಲ್ಲಿ ಮಜ್ಜಿಗೆ ಬೇಡ ಅನ್ನುವ ಸೊಸೆಯನ್ನು ಕಂಡು ಅವ್ವ, "ಬಸುರೀನೇನೇ?" ಅಂದಳು. ಗಂಡ ಕಾನ್ಪುರದಲ್ಲಿದ್ದಾನೆ ಅನ್ನುವುದು ಆಮೇಲೆ ನೆನಪಾಗಿ ತಾನೇ ನಾಲಗೆ ಕಚ್ಚಿಕೊಂಡಳು. ಅತ್ತಿಗೆ ಹೇಳಿದ್ದು ಇಷ್ಟೆ: "ಇವತ್ತು ಒಂದು ಸೋತೆ ಅತ್ತೆ."

ಸೋಮವಾರ ನಮ್ಮಲ್ಲಿ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ದಿನ. ಅತ್ತಿಗೆಯೂ ಸೋಮವಾರ ಹೊಸ ಪದ ಹೂಡುತ್ತಿರಲಿಲ್ಲ. ಅವತ್ತು ಒಂಬತ್ತು ಮುದ್ದೆಗೂ ಆ ವಾರದ ಹಳೆಯ ಪದಗಳೇ. "ಅದೂ ಮೆಲುಕು ಹಾಕ್ಬೇಕಲ್ಲ" ಅನ್ನುತ್ತಿದ್ದಳು. ಒಂದು ಸಲ ನಾನು ವ್ಯಂಗ್ಯವಾಗಿ, "ದಿನಕ್ಕೆ ಒಂಬತ್ತೇ ಯಾಕೆ, ಐವತ್ತು ಕಲಿ, ಬೇಗ ಹೋಗ್ಬಹುದು" ಅಂದೆ. ಅವಳು ಅದನ್ನು ನಿಜವಾದ ಪ್ರಶ್ನೆ ಅಂತಲೇ ತಿಳಿದು ಉತ್ತರ ಕೊಟ್ಟಳು.

"ಹಸೂಗೆ ಒಂದೇ ಸಲ ಹೊರೆ ಹುಲ್ಲು ಹಾಕಿ ನೋಡು ಅಮ್ಮಣ್ಣಿ. ಅರ್ಧ ತಿಂದು ಅರ್ಧ ತುಳಿದು ಹಾಳು ಮಾಡ್ತದೆ. ಹಿಡಿ ಹಿಡಿ ಹಾಕ್ತಾ ಇದ್ರೆ ಒಂದು ಕಡ್ಡೀನೂ ಉಳಿಯಲ್ಲ."

ಭೀಮನ ಅಮಾವಾಸ್ಯೆಯ ಹೊತ್ತಿಗೆ ಅಣ್ಣನ ಕಾಗದದೊಳಗಿನ ಚೀಟಿ ಅವಳ ಹೆಸರಿಗೆ ಬರತೊಡಗಿತು. ನನಗಿದ್ದ ಚೀಟಿ ಮೊದಲು ಚಿಕ್ಕದಾಯಿತು, ಆಮೇಲೆ ನಿಂತೇಹೋಯಿತು. ಅವಳು ಅದನ್ನು ಹಿಡಿದುಕೊಂಡು ಕೊಟ್ಟಿಗೆಗೆ ಹೋಗಿ ಓದುವಳು. ಅವ್ವ "ಏನಂತೆ?" ಅಂದರೆ ಪ್ರತಿ ಸಾಲನ್ನೂ ಕನ್ನಡದಲ್ಲಿ ಹೇಳುವಳು, ಮುಚ್ಚಬೇಕಾದ ಮಾತು ಬಂದರೆ ಮುಖ ಕೆಂಪಾಗಿ ಅಲ್ಲಿಗೆ ನಿಲ್ಲಿಸುವಳು. ಅವ್ವ ಬಾಯಿಗೆ ಸೆರಗು ಇಟ್ಟುಕೊಂಡು ನಗುವಳು. ನನ್ನ ಕಾಲದಲ್ಲಿ ಅವ್ವ ಹಾಗೆ ನಕ್ಕಿರಲಿಲ್ಲ. ಅಣ್ಣ ನನ್ನವನಾಗಿದ್ದ, ಅವ್ವ ನನ್ನವಳಾಗಿದ್ದಳು, ಹಿಂದಿ ನನ್ನದಾಗಿತ್ತು. ಮೂರನ್ನೂ ಈ ಕೆಂಗೇರಿಯವಳು ಒಂದೊಂದಾಗಿ ಕೈಗೆ ತೆಗೆದುಕೊಂಡಳು ಅನ್ನಿಸಿತು. ಯಾರನ್ನೂ ತಳ್ಳದೆ, ಯಾರಿಗೂ ಎದುರಾಡದೆ ತೆಗೆದುಕೊಂಡಳು. ಜಗಳವಾಡುವ ಹೆಂಗಸಾಗಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು.

ಸೆಪ್ಟೆಂಬರಿನಲ್ಲಿ ನಾನು ಮತ್ತೆ ಪರೀಕ್ಷೆಗೆ ಕೂತು ಮತ್ತೆ ಇಂಗ್ಲಿಷಿನಲ್ಲಿ ಹೋದೆ.

ದೀಪಾವಳಿಗೆ ಎಂಟು ದಿನ ಇರುವಾಗ ಅತ್ತಿಗೆ ಕಾಗದ ಬರೆದು ಮುಗಿಸಿದಳು. ಎರಡು ಪುಟ, ಮೂರು ವಾರದ ಕೆಲಸ. ನಾನು ಹಿತ್ತಿಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದೆ. ಬಂದು ಪಕ್ಕದಲ್ಲಿ ಕೂತು, ಕಾಗದವನ್ನು ಸೆರಗಿನಿಂದ ತೆಗೆದಳು.

"ಒಂದ್ಸಲ ನೋಡು ಅಮ್ಮಣ್ಣಿ. ಮರ್ಯಾದೆ ಹೋಗೋ ಅಂಥ ತಪ್ಪೇನಾದ್ರೂ ಇದ್ರೆ ಹೇಳು. ಅಷ್ಟೇ ಸಾಕು."

ಓದಿದೆ. ತಪ್ಪುಗಳಿದ್ದವು, ಬೇಕಾದಷ್ಟು. ಗಂಡಸಿಗೆ ಹೇಳುವ ಹಾಗೆ ಹೆಂಗಸಿಗೆ ಹೇಳಿದ್ದಳು, ಹಸುವನ್ನು ಹೋರಿ ಮಾಡಿದ್ದಳು. ಆದರೆ ಪ್ರತಿ ಸಾಲೂ ತಿಳಿಯುತ್ತಿತ್ತು. ಕಂದು ಹಸು ಕರು ಹಾಕಿದೆ. ಅತ್ತೆಯ ಮಂಡಿಗೆ ಎಣ್ಣೆ ತಿಕ್ಕುತ್ತೇನೆ. ಮಾವ ನಿಮ್ಮ ಹೆಸರು ಹೇಳುವುದಿಲ್ಲ, ಆದರೆ ಅಂಚೆಯವನ ಬೆಲ್ಲು ಕೇಳಿದರೆ ಮೊದಲು ಏಳುವವರು ಅವರೇ. ಕೊನೆಯಲ್ಲಿ ಬರೆದಿದ್ದಳು: ಇಲ್ಲಿ ನಾನು ದಿನಾ ಒಂಬತ್ತು ಮುದ್ದೆ ಕಟ್ಟುತ್ತೇನೆ. ಅಲ್ಲಿ ಎರಡು ಕಟ್ಟಬೇಕು ಅಂತ ಆಸೆ.

ಆ ಸಾಲನ್ನು ಎರಡು ಸಲ ಓದಿದೆ. ಹಿಂದಿಯಲ್ಲಿ ಕ್ಲಾಸಿಗೇ ಮೊದಲು ಬಂದ ನಾನು ಅಂಥ ಒಂದು ಸಾಲನ್ನು ಯಾವತ್ತೂ ಬರೆದಿರಲಿಲ್ಲ. ಬರೆಯಲು ನನ್ನಿಂದ ಆಗುವುದೂ ಇಲ್ಲ ಅಂತ ಆಗಲೇ ಗೊತ್ತಾಯಿತು.

"ತುಂಬಾ ತಪ್ಪಿದೆ ಅತ್ತಿಗೆ" ಅಂದೆ. "ಹೀಗೇ ಕಳಿಸಿದ್ರೆ ಅಣ್ಣ ನಗ್ತಾನೆ. ಬಿಡು, ನಾನು ಸರಿ ಮಾಡಿ ಕೊಡ್ತೀನಿ. ನೀನು ನಿನ್ನ ಕೈಯಲ್ಲೇ ನಕಲು ಮಾಡಿ ಕಳಿಸು. ನಿನ್ನ ಕಾಗದಾನೇ ಅಲ್ವಾ?"

ಅವಳು ಹಿಂದೆ ಮುಂದೆ ನೋಡಿದಳು. "ಯಾರ ಸಹಾಯನೂ ಬೇಡ ಅಂದವ್ರೆ..." ಅಂದಳು.

"ಇದು ಸಹಾಯ ಅಲ್ಲ. ತಿದ್ದೋದು."

ಎರಡು ದಿನ ಕೂತು ತಿದ್ದಿದೆ. ತಿದ್ದಿದೆ ಅನ್ನುವುದು ಸುಳ್ಳು, ಹೊಸದಾಗಿ ಬರೆದೆ. ಪೂಜ್ಯ ಪತಿದೇವರ ಚರಣಕಮಲಗಳಿಗೆ ಅಂತ ಶುರು ಮಾಡಿದೆ. ಸೂರ್ಯೋದಯದ ವರ್ಣನೆ ಹಾಕಿದೆ, ಹೈಸ್ಕೂಲಿನ ಪ್ರಬಂಧದಲ್ಲಿ ನನಗೆ ಬಹುಮಾನ ತಂದುಕೊಟ್ಟ ಸಾಲುಗಳವು. ಕಂದು ಹಸುವನ್ನು ಗೋಮಾತೆ ಮಾಡಿದೆ. ಮುದ್ದೆಯ ಸಾಲನ್ನು ತೆಗೆದೇ ಹಾಕಿದೆ, ಮುದ್ದೆಗೆ ಹಿಂದಿಯಲ್ಲಿ ಪದವಿಲ್ಲ ಅಂತ ಅವಳಿಗೆ ಕಾರಣ ಹೇಳಿದೆ. ತಿಂಗಳುಗಟ್ಟಲೆ ನಾನು ಉತ್ತರವಾಗಿ ಬರೆದ ಹಿಂದಿ ಚೀಟಿಗಳನ್ನು ಓದಿದ್ದ ಅಣ್ಣ ಇದು ಯಾರ ಕೈಯ ಹಿಂದಿ ಅಂತ ಎರಡನೇ ಸಾಲಿಗೇ ಹಿಡಿಯುತ್ತಾನೆ ಅಂತ ನನಗೆ ಗೊತ್ತಿತ್ತು. ಗೊತ್ತಿತ್ತು ಅನ್ನುವುದನ್ನು ಎಷ್ಟೋ ವರ್ಷ ನನಗೆ ನಾನೇ ಒಪ್ಪಿಕೊಂಡಿರಲಿಲ್ಲ. ಚೆನ್ನಾಗಿರಲಿ ಅಂತ ಮಾಡಿದೆ ಅಂದುಕೊಳ್ಳುತ್ತಿದ್ದೆ. ಈಗ ಹೇಳುತ್ತೇನೆ, ಗೊತ್ತಿತ್ತು.

ಅತ್ತಿಗೆ ನಕಲು ಮಾಡಿ, ಹಬ್ಬದ ಹಿಂದಿನ ದಿನ ಅಂಚೆಗೆ ಹಾಕಿದಳು. ಬಾಗಿಲ ಹಿಂದಿನ ಮೂರನೇ ಗೆರೆಯನ್ನು ಅಳಿಸಿದಳು. ಪೆಟ್ಟಿಗೆಯ ಧೂಳು ಒರೆಸಿ, ಮದುವೆಯ ಸೀರೆಗಳನ್ನು ಬಿಸಿಲಿಗೆ ಹಾಕಿ ಮಡಿಸಿದಳು.

ಉತ್ತರ ಮೂರು ವಾರಕ್ಕೆ ಬಂತು. ಕನ್ನಡದಲ್ಲಿತ್ತು, ಅದೇ ಮೊದಲ ಪೆಟ್ಟು. ಇದು ನಿನ್ನ ಹಿಂದಿಯಲ್ಲ, ನನ್ನ ತಂಗಿಯದು. ಅವಳ ಕೈಲಿ ಬರೆಸಿ ನನಗೆ ಮೋಸ ಮಾಡಬಹುದು, ಇಲ್ಲಿನ ಬೀದಿಗೆ ಮೋಸ ಮಾಡಲಾಗುವುದಿಲ್ಲ. ನಿನ್ನಿಂದ ಇದನ್ನು ನಿರೀಕ್ಷಿಸಿರಲಿಲ್ಲ. ಇನ್ನು ಶಿವರಾತ್ರಿ ಕಳೆಯಲಿ. ಆಗ ನೋಡೋಣ.

ಅವಳು ಓದಿ, ಮಡಿಸಿ, ಒಲೆಗೆ ಸೌದೆ ಒಟ್ಟಿದಳು. ಅವತ್ತಿನ ಮುದ್ದೆ ಗಂಟುಗಂಟಾಗಿತ್ತು. ಅಪ್ಪ ಗಂಟುಗಳನ್ನು ತಟ್ಟೆಯ ಅಂಚಿಗೆ ಸರಿಸಿ ತಿಂದ. ನನಗೆ ಖುಷಿಯಾಯಿತು. ಮರೆಮಾಚುವುದು ಯಾಕೆ, ಆಯಿತು. ಆ ಖುಷಿ ಸಂಜೆವರೆಗೂ ಇತ್ತು.

ಸಂಜೆ ಬಾವಿಯ ಹತ್ತಿರ ಅವಳೇ ಮಾತೆತ್ತಿದಳು. ಹಗ್ಗ ಹಿಡಿದುಕೊಂಡಿದ್ದಳು, ಸೇದುತ್ತಿರಲಿಲ್ಲ.

"ನೀನು ಬರೆದದ್ದು ಚೆನ್ನಾಗಿತ್ತು ಅಮ್ಮಣ್ಣಿ. ಆದ್ರೆ ಅದ್ರಲ್ಲಿ ನಾನು ಇರ್ಲಿಲ್ಲ. ನಕಲು ಮಾಡ್ತಾ ಮಾಡ್ತಾನೇ ಗೊತ್ತಾಯ್ತು. ಆದ್ರೂ ಮಾಡ್ದೆ. ಬೇಗ ಹೋಗೋ ಆಸೆ. ತಪ್ಪು ನಂದೇ."

ನಾನು ಬಿಂದಿಗೆಯ ಕಂಠ ಒರೆಸಿದೆ.

"ನಿಂಗೂ ಗೊತ್ತಿತ್ತು, ಅಲ್ವಾ?"

ಬಿಂದಿಗೆ ತುಂಬಿರಲಿಲ್ಲ. ಆದರೂ ನಾನು ಅದನ್ನು ಎತ್ತಿ ಸೊಂಟಕ್ಕೆ ಇಟ್ಟುಕೊಂಡು ಹೊರಟೆ. ಅವಳು ಹಿಂದಿನಿಂದ "ಹೋಗ್ಲಿ ಬಿಡು" ಅಂದಳು. ಅಷ್ಟೇ. ಅವ್ವನಿಗೆ ಹೇಳಲಿಲ್ಲ, ಅಪ್ಪನಿಗೆ ಹೇಳಲಿಲ್ಲ. ಅಣ್ಣನಿಗೆ ಒಂದು ಸಾಲು ಬರೆದಿದ್ದರೂ ಸಾಕಿತ್ತು, ಬರೆಯಲಿಲ್ಲ. ಒಂಬತ್ತು ದಿನ ಮಜ್ಜಿಗೆ ಮುಟ್ಟಲಿಲ್ಲ. ಹತ್ತನೆಯ ದಿನ ಬಾಗಿಲ ಹಿಂದೆ ಹೊಸದಾಗಿ ಒಂದು ಗೆರೆ ಎಳೆದಳು.

ಅದಾದ ಮೇಲೆ ಅವಳು ಮಾಡಿದ್ದು ನನಗೆ ಇವತ್ತಿಗೂ ನುಂಗಲಾರದ ತುತ್ತು. ಒಂದು ಮಧ್ಯಾಹ್ನ ಮುದ್ದೆ ಕಟ್ಟುತ್ತ ನನ್ನನ್ನು ಕರೆದಳು. "ಇಂಗ್ಲಿಷ್ ಪುಸ್ತಕ ತಗೊಂಡು ಬಾ ಇಲ್ಲಿ. ಅದ್ರಲ್ಲಿ ನಿಂಗೆ ಬಾರದ್ದು ಒಂಬತ್ತು ಆರಿಸು. ನೀನೇ ಕಟ್ಟು ಇವತ್ತು ಮುದ್ದೆ." ಬೇಡ ಅನ್ನಬೇಕಿತ್ತು. ಆದರೆ ಎರಡು ಸಲ ಫೇಲಾದವಳಿಗೆ ಬೇಡ ಅನ್ನುವ ಸೊಕ್ಕು ಎಲ್ಲಿರುತ್ತದೆ? ಕೈ ಸುಟ್ಟುಕೊಂಡು ಕಟ್ಟಿದೆ. ಬಡಿಸುವಾಗ ನಾಲ್ಕು ಪದ ಮರೆತೆ. ಅವಳು ನನ್ನ ತಟ್ಟೆಯ ಮುಂದಿನಿಂದ ಮಜ್ಜಿಗೆ ಲೋಟವನ್ನು ಸದ್ದಿಲ್ಲದೆ ಎತ್ತಿಕೊಂಡಳು. ಅವ್ವ "ಅವಳಿಗೇನಾಯ್ತೇ?" ಅಂದಳು. "ನಾಲ್ಕು ಸೋತ್ಲು ಅತ್ತೆ" ಅಂದಳು ಅತ್ತಿಗೆ. ನನಗೆ ಎಲ್ಲಿಲ್ಲದ ಕೋಪ ಬಂತು. ಆ ಕೋಪದಲ್ಲೇ ಮಾರನೆಯ ದಿನ ಎಂಟು ಪದ ನೆನಪಿಟ್ಟೆ. ಅವಳನ್ನು ಸೋಲಿಸಬೇಕು ಅಂತ ಕಲಿತೆ, ಅವಳ ಮೇಲಿನ ಕಿಚ್ಚಿನಲ್ಲೇ ಕಲಿತೆ. ಮಾರ್ಚಿನಲ್ಲಿ ಪಾಸಾದೆ. ಮುಂದೆ ಟೀಚರ್ ಕೆಲಸ ಸಿಕ್ಕಿ ಮೂವತ್ತೊಂದು ವರ್ಷ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಟ್ಟೆ. ಹೊರೆ ಹಾಕಬೇಡಿ, ಹಿಡಿ ಹಿಡಿ ಹಾಕಿ ಅಂತ ಹೊಸ ಟೀಚರುಗಳಿಗೆ ಹೇಳುವಾಗ ಅದು ನನ್ನದೇ ಮಾತು ಎಂಬಂತೆ ಹೇಳುತ್ತಿದ್ದೆ.

ಶಿವರಾತ್ರಿಗೆ ಅತ್ತಿಗೆ ಬರೆದ ಕಾಗದವನ್ನು ಯಾರಿಗೂ ತೋರಿಸಲಿಲ್ಲ. ಸಿಂಧಿ ಮುದುಕಿಗೂ ಇಲ್ಲ. ಅಣ್ಣ ಬಂದ. ಬಂದವನು ಆ ಕಾಗದವನ್ನು ಜೇಬಿನಲ್ಲೇ ಇಟ್ಟುಕೊಂಡಿದ್ದ. ಅಂಗಳದಲ್ಲಿ ಕಾಲು ತೊಳೆಯುತ್ತ, "ಎಷ್ಟು ತಪ್ಪು ಮಾರಾಯ್ತಿ! ಒಂದೊಂದು ಸಾಲಿಗೆ ಎರಡೆರಡು!" ಅಂತ ಅವಳನ್ನು ನೋಡಿ ನಕ್ಕ. ಅವಳು ಹಿಂದಿಯಲ್ಲಿ ಏನೋ ಉತ್ತರ ಕೊಟ್ಟಳು, ತಡವರಿಸದೆ. ಅಣ್ಣ ಕೈಯಲ್ಲಿ ಚೊಂಬು ಹಿಡಿದುಕೊಂಡೇ ನಿಂತುಬಿಟ್ಟ. ಅವ್ವ, ಅಪ್ಪ, ಆಳುಗಳು ಎಲ್ಲರೂ ನಕ್ಕರು, ಅರ್ಥವಾಗದಿದ್ದರೂ. ಅರ್ಥವಾದ ನಾನೊಬ್ಬಳು ನಗಲಿಲ್ಲ. ಅವಳು ಹೇಳಿದ್ದು ಇಷ್ಟೆ: ತಪ್ಪೆಲ್ಲ ನನ್ನದೇ, ಎಣಿಸಿಕೊಳ್ಳಿ.

ಯುಗಾದಿ ಮುಗಿಸಿಕೊಂಡು ಇಬ್ಬರೂ ಹೊರಟರು. ಅಲ್ಲಿಂದ ಅವ್ವನಿಗೆ ಕನ್ನಡದಲ್ಲಿ ಬರೆಯುತ್ತಿದ್ದಳು, ಒಳಗೆ ನನಗೊಂದು ಚೀಟಿ, ಹಿಂದಿಯಲ್ಲಿ. ಬೀದಿಯ ಹೆಂಗಸರಿಗೆ ಮುದ್ದೆ ತಿನ್ನಿಸಿದೆ, ಅಗಿಯಬೇಡಿ ನುಂಗಿ ಅಂದರೆ ಕೇಳುವುದಿಲ್ಲ ಅಂತ ಬರೆದಿದ್ದಳು. ನಾನು ಒಂದಕ್ಕೂ ಉತ್ತರ ಬರೆಯಲಿಲ್ಲ. ಅವಳ ಹಿಂದಿ ಅಷ್ಟು ಹೊತ್ತಿಗೆ ನನ್ನದಕ್ಕಿಂತ ಚೆನ್ನಾಗಿತ್ತು.

ಹದಿನಾಲ್ಕು ತಿಂಗಳು ಅವರಿಬ್ಬರೂ ಒಟ್ಟಿಗೆ ಇದ್ದರು. ಎರಡನೆಯ ಬೇಸಿಗೆಯಲ್ಲಿ ಅವಳಿಗೆ ವಿಷಮಶೀತ ಜ್ವರ ಬಂತು. ಹನ್ನೊಂದು ದಿನ ಮಲಗಿದ್ದಳು. ನಮಗೆ ತಂತಿ ಬರುವ ಹೊತ್ತಿಗೆ ಅಲ್ಲಿ ಎಲ್ಲ ಮುಗಿದಿತ್ತು. ಇಪ್ಪತ್ತೊಂದು ವರ್ಷ ಅವಳಿಗೆ. ಹಾಲಿನ ಮನೆಯ ಮುದುಕಿಗೆ ನಾನೇ ಹೋಗಿ ಸುದ್ದಿ ಹೇಳಿದೆ. ಆಕೆ ಅಳುತ್ತ ಕನ್ನಡದಲ್ಲಿ, "ನನ್ನ ಮಗಳು, ನನ್ನ ಮಗಳು" ಅಂದಳು. ಆ ಮಾತು ಕಲಿಸಿದವಳು ಯಾರು ಅಂತ ನಾನು ಕೇಳಬೇಕಾಗಿರಲಿಲ್ಲ.

ಅಣ್ಣ ಕೆಲಸ ಬಿಟ್ಟು ಬಂದ. ತಿಂಗಳುಗಟ್ಟಲೆ ಯಾರ ಹತ್ತಿರವೂ ಮಾತಾಡಲಿಲ್ಲ. ಒಂದು ಸಂಜೆ ಕೊಟ್ಟಿಗೆಯಲ್ಲಿ ನಾನು ಹಾಲು ಕರೆಯುತ್ತಿದ್ದಾಗ ಬಂದು ಕಂಬಕ್ಕೆ ಒರಗಿ ನಿಂತ.

"ನಾನು ಅವಳನ್ನ ನಾಲ್ಕು ತಿಂಗಳು ಕಾಯಿಸ್ದೆ ಕಣೇ" ಅಂದ. "ಆ ದೀಪಾವಳಿಗೇ ಬಂದು ಕರ್ಕೊಂಡ್ ಹೋಗಿದ್ರೆ ಇನ್ನೂ ನಾಲ್ಕು ತಿಂಗಳು ಜೊತೇಲಿ ಇರ್ತಿದ್ವಿ. ಮೋಸ ಮಾಡಿದ್ಲು ಅಂತ ಕೋಪ ಬಂದಿತ್ತು. ಅಲ್ಲಿ ಎಷ್ಟೋ ಸಲ ಕೇಳ್ದೆ, ಯಾಕೆ ಬರೆಸ್ದೆ ಅಂತ. ನಂದೇ ತಪ್ಪು ಅಂತಿದ್ಲೇ ಹೊರತು ಬೇರೆ ಏನೂ ಹೇಳ್ಲಿಲ್ಲ." ಆಮೇಲೆ ಕೇಳಿದ: "ಅವಳಾಗೇ ಬಂದು ಬರ್ಕೊಡು ಅಂದ್ಲಾ ನಿನ್ನ?"

ನಾನು ಹಸುವಿನ ಹೊಟ್ಟೆಗೆ ಹಣೆ ಒತ್ತಿಕೊಂಡಿದ್ದೆ. ನನ್ನ ಮುಖ ಅವನಿಗೆ ಕಾಣುತ್ತಿರಲಿಲ್ಲ.

"ಹ್ಞೂಂ" ಅಂದೆ. "ಅವಳೇ ಕೇಳಿದ್ಲು."

ಸತ್ತವಳ ಮೇಲೂ ನನ್ನ ಹೊಟ್ಟೆಕಿಚ್ಚು ಸತ್ತಿರಲಿಲ್ಲ. ಭಯಕ್ಕೆ ಹಾಗೆ ಅಂದೆ ಅಂತ ಹೇಳಬಹುದು, ಅರ್ಧ ಭಯವೇ ಹೌದು. ಇನ್ನರ್ಧ, ಅಣ್ಣನ ಮನಸ್ಸಿನಲ್ಲಿ ಅವಳಿಗೆ ಒಂದೇ ಒಂದು ಕಲೆಯಾದರೂ ಉಳಿಯಲಿ ಅಂತ.

ಅಣ್ಣ ಮತ್ತೆ ಮದುವೆಯಾಗಲಿಲ್ಲ. ಈಗ ಎಂಬತ್ತರ ಹತ್ತಿರ ಬಂದಿದ್ದಾನೆ. ನಮ್ಮ ಹೊಲವಿದ್ದಲ್ಲೇ ಎದ್ದ ಮನೆಗಳ ಸಾಲಿನಲ್ಲಿ, ನನ್ನ ಮನೆಗೆ ಎರಡು ಮನೆ ಆಚೆ ಇರುತ್ತಾನೆ. ನಾನು ಏನೇ ಬರೆದರೂ ಅವನು ಓದುತ್ತಾನೆ, ಓದಿ ತಪ್ಪು ಹುಡುಕಿ ಹೇಳುತ್ತಾನೆ. ಇದನ್ನೂ ಓದುತ್ತಾನೆ.

ಅಣ್ಣಾ, ಅವಳು ಬರೆದುಕೊಡು ಅಂತ ಕೇಳಲಿಲ್ಲ. ಎರಡು ಪುಟವನ್ನೂ ಅವಳೇ ಬರೆದು ಮುಗಿಸಿದ್ದಳು. ದೀಪಾವಳಿಗೇ ಅವಳು ಹೊರಟು ನಿಂತಿದ್ದಳು. ತಡ ಮಾಡಿದವಳು ನಾನು.